ಹೆಬ್ಡನ್ ಬ್ರಿಡ್ಜ್‌ಗೆ ಹೋಗುವವರಿಗೆ: ಮೊದಲು ಬೆಟ್ಟ, ಆಮೇಲೆ ಊರು, ಕೊನೆಗೆ ಗಿರಣಿ

ಹೆಬ್ಡನ್ ಬ್ರಿಡ್ಜ್ ಅಂದರೆ ಇಂಗ್ಲೆಂಡಿನ ಮ್ಯಾಂಚೆಸ್ಟರ್, ಲೀಡ್ಸ್ ನಡುವಿನ ಒಂದು ಚಿಕ್ಕ ಊರು. ಆ ಕಡೆ ಇರುವ ನಮ್ಮವರು ಹತ್ತಾರು ಜನ ನನ್ನ ಮಾತು ಕೇಳಿ ಹೆಬ್ಡನ್ ಬ್ರಿಡ್ಜ್‌ಗೆ ಹೋಗಿ ಬಂದಿದ್ದಾರೆ. ಅರ್ಧಕ್ಕರ್ಧ ಜನ ವಾಪಸ್ ಬಂದು ಹೇಳುವುದು ಒಂದೇ: "ಒಂದು ಹಳೇ ಸೇತುವೆ ಇದೆ, ನಾಲ್ಕು ಅಂಗಡಿ ಇದೆ, ಕಾಫಿ ಕುಡಿದು ಬಂದ್ವಿ. ಅಷ್ಟೇನಾ?" ಅಷ್ಟೇ ಅಲ್ಲ. ವಿಚಾರಿಸಿ ನೋಡಿದರೆ ಎಲ್ಲರೂ ಮಾಡಿದ ತಪ್ಪು ಒಂದೇ. ಮಧ್ಯಾಹ್ನ ಹನ್ನೆರಡಕ್ಕೆ ಕಾರಿನಲ್ಲಿ ಬಂದು, ಮುಕ್ಕಾಲು ಗಂಟೆ ಪಾರ್ಕಿಂಗ್‌ಗೆ ಅಲೆದು, ಊಟಕ್ಕೆ ಸಾಲಿನಲ್ಲಿ ನಿಂತು, ಆಮೇಲೆ ಬೆಟ್ಟ ಹತ್ತಲು ಹೋಗಿ ಅರ್ಧ ದಾರಿಯಲ್ಲಿ ಉಸಿರು ಕಟ್ಟಿ ಇಳಿದಿದ್ದಾರೆ. ಗಿರಣಿಯನ್ನಂತೂ ಯಾರೂ ನೋಡಿಲ್ಲ.

ಈ ಊರು ಆಳವಾದ ಕಣಿವೆಯ ತಳದಲ್ಲಿದೆ. ಹೆಬ್ಡನ್ ಹೊಳೆ ಬಂದು ಕಾಲ್ಡರ್ ನದಿಗೆ ಸೇರುವ ಜಾಗ. ನೋಡಬೇಕಾದ್ದು ಮೂರು ಎತ್ತರದಲ್ಲಿ ಹಂಚಿಹೋಗಿದೆ: ಬೆಟ್ಟದ ಮೇಲೆ ಕೈಮಗ್ಗದವರ ಹಳೇ ಹಳ್ಳಿ ಹೆಪ್ಟನ್‌ಸ್ಟಾಲ್, ಕೆಳಗೆ ಊರು, ಹೊಳೆಯ ಜಾಡಿನಲ್ಲಿ ಒಳಗೆ ಹೋದರೆ ಕಾಡಿನ ನಡುವೆ ಹತ್ತಿ ನೂಲುತ್ತಿದ್ದ ಗಿಬ್ಸನ್ ಗಿರಣಿ. ಇವನ್ನು ಯಾವ ಕ್ರಮದಲ್ಲಿ ನೋಡುತ್ತೀರಿ ಅನ್ನುವುದರ ಮೇಲೆ ನಿಮ್ಮ ಇಡೀ ದಿನ ನಿಂತಿದೆ. ಹಾಗಾಗಿ ಒಂದೊಂದೇ ಹಂತ ಬಿಡಿಸಿ ಬರೆಯುತ್ತೇನೆ.

ಹಂತ 1: ದಿನ ಆರಿಸಿಕೊಳ್ಳಿ, ಹಿಂದಿನ ರಾತ್ರಿ ಮೂರು ವಿಷಯ ನೋಡಿ

ಬಿಸಿಲಿರುವ ಭಾನುವಾರ ಬೇಡ. ಸುತ್ತಲಿನ ಊರುಗಳವರೆಲ್ಲ ಅವತ್ತು ಅಲ್ಲೇ ಇರುತ್ತಾರೆ. ಸೋಮವಾರ, ಮಂಗಳವಾರ ಎಷ್ಟೋ ಸಣ್ಣ ಅಂಗಡಿಗಳು ಬಾಗಿಲು ಹಾಕಿರುತ್ತವೆ. ವಾರದ ನಡುವೆ ರಜೆ ಸಿಕ್ಕಿದರೆ ಅದೇ ಒಳ್ಳೆಯದು, ಇಲ್ಲದಿದ್ದರೆ ಶನಿವಾರ ಬೆಳಿಗ್ಗೆ ಬೇಗ ಹೊರಡಿ.

ಹಿಂದಿನ ರಾತ್ರಿ ನೋಡಬೇಕಾದ್ದು ಮೂರು. ಒಂದು, ಮಳೆ. ಎರಡು, ಪ್ರವಾಹದ ಎಚ್ಚರಿಕೆ. ಇದನ್ನು ಬಹಳ ಜನ ಬಿಟ್ಟೇಬಿಡುತ್ತಾರೆ. 2015ರ ಡಿಸೆಂಬರ್ 26ರಂದು ಈ ಊರಿನ ನಡುಬೀದಿ ಮುಳುಗಿತ್ತು, 2020ರ ಫೆಬ್ರವರಿಯಲ್ಲಿ ಮತ್ತೆ ನೀರು ನುಗ್ಗಿತ್ತು. ಸುತ್ತ ಕಡಿದಾದ ಬೆಟ್ಟ, ಮಳೆ ಬಿದ್ದರೆ ನೀರು ಸೀದಾ ಕೆಳಗೆ ಬರುತ್ತದೆ. ಸರ್ಕಾರದ ಪ್ರವಾಹ ಎಚ್ಚರಿಕೆ ಪುಟದಲ್ಲಿ ಊರಿನ ಹೆಸರು ಹಾಕಿದರೆ ಸಾಕು, ಎರಡು ನಿಮಿಷದ ಕೆಲಸ. ಮೂರು, ರೈಲು. ಭಾನುವಾರ ಹಳಿ ದುರಸ್ತಿ ಅಂತ ರೈಲಿನ ಬದಲು ಬಸ್ ಓಡಿಸುವುದು ಇಲ್ಲಿ ಮಾಮೂಲಿ.

ಹಗಲು ಎಷ್ಟು ಹೊತ್ತು ಇರುತ್ತದೆ ಅನ್ನುವುದನ್ನೂ ಲೆಕ್ಕ ಹಾಕಿ. ಜೂನ್‌ನಲ್ಲಿ ರಾತ್ರಿ ಒಂಬತ್ತೂವರೆಯಾದರೂ ಬೆಳಕು. ಡಿಸೆಂಬರ್‌ನಲ್ಲಿ ನಾಲ್ಕು ಗಂಟೆಯೊಳಗೆ ಸೂರ್ಯ ಮುಳುಗುತ್ತಾನೆ, ಕಣಿವೆಯಲ್ಲಿ ಕತ್ತಲು ಇನ್ನೂ ಬೇಗ. ಚಳಿಗಾಲದಲ್ಲಿ ಬೆಟ್ಟ ಅಥವಾ ಗಿರಣಿ, ಎರಡರಲ್ಲಿ ಒಂದನ್ನೇ ಇಟ್ಟುಕೊಳ್ಳಿ.

ಹಂತ 2: ಏನು ತಗೊಂಡು ಹೋಗಬೇಕು

ಶೂ. ಇದೊಂದನ್ನು ಸರಿ ಮಾಡಿಕೊಂಡರೆ ಅರ್ಧ ತೊಂದರೆ ತಪ್ಪಿದ ಹಾಗೆ. ಅಡಿ ಸವೆದ ಕ್ಯಾನ್ವಾಸ್ ಶೂ, ಚಪ್ಪಲಿ ಎರಡೂ ಬೇಡ. ಇಲ್ಲಿನ ದಾರಿಗಳಿಗೆ ಹಾಸಿದ ಕಲ್ಲು ನೂರಾರು ವರ್ಷ ತುಳಿದು ನುಣುಪಾಗಿದೆ, ಮೇಲೆ ಹಾವಸೆ. ಮಳೆಗಾಲದಲ್ಲಿ ಬಾವಿಕಟ್ಟೆ ಮೇಲೆ ಕಾಲಿಟ್ಟ ಹಾಗೆ ಜಾರುತ್ತದೆ. ಮಲೆನಾಡಿನವರಿಗೆ ಇದು ಬಿಡಿಸಿ ಹೇಳಬೇಕಿಲ್ಲ, ಆದರೆ ಅವರೂ "ಇಂಗ್ಲೆಂಡಿನಲ್ಲಿ ರಸ್ತೆ ಚೆನ್ನಾಗಿರುತ್ತೆ" ಅಂದುಕೊಂಡು ಮೋಸ ಹೋಗಿದ್ದಾರೆ.

ಕೊಡೆ ಬೇಡ, ಟೋಪಿ ಇರುವ ಮಳೆ ಕೋಟು ಇರಲಿ. ಬೆಟ್ಟದ ಮೇಲಿನ ಗಾಳಿ ಕೊಡೆಯನ್ನು ತಿರುಗಿಸಿ ಹಾಕುತ್ತದೆ. ಇನ್ನೊಂದು ಜೊತೆ ಕಾಲುಚೀಲವನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಇಟ್ಟುಕೊಳ್ಳಿ. ಫೋನಿನಲ್ಲಿ ನಕ್ಷೆಯನ್ನು ಮೊದಲೇ ಇಳಿಸಿಕೊಳ್ಳಿ, ಯಾಕೆಂದರೆ ಗಿರಣಿ ಇರುವ ಕಣಿವೆಯೊಳಗೆ ಸಿಗ್ನಲ್ ನಂಬುವ ಹಾಗಿಲ್ಲ. ಕಾಗದದ ನಕ್ಷೆ ಬೇಕೆಂದರೆ ಆರ್ಡ್‌ನೆನ್ಸ್ ಸರ್ವೆಯ ಎಕ್ಸ್‌ಪ್ಲೋರರ್ ಓಎಲ್ 21, ಸೌತ್ ಪೆನೈನ್ಸ್ ಅಂತ ಕೇಳಿ.

ಮನೆಯಿಂದ ಬುತ್ತಿ ಕಟ್ಟಿಕೊಂಡು ಹೋಗುವುದಾದರೆ ಚಪಾತಿ ಪಲ್ಯ ಸುರುಳಿ ಸುತ್ತಿ ಇಟ್ಟುಕೊಳ್ಳಿ. ಪುಳಿಯೋಗರೆ, ಮೊಸರನ್ನಕ್ಕೆ ಕೂತು ತಿನ್ನುವ ಒಣ ಜಾಗ ಹುಡುಕಬೇಕು, ಅದು ಯಾವಾಗಲೂ ಸಿಗುವುದಿಲ್ಲ. ಫ್ಲಾಸ್ಕಿನಲ್ಲಿ ಬಿಸಿ ಬಿಸಿ ಕಾಫಿ ಇದ್ದರಂತೂ ಬೆಟ್ಟದ ಮೇಲೆ ಅದರ ಸುಖವೇ ಬೇರೆ.

ಹಂತ 3: ರೈಲಿನಲ್ಲೇ ಹೋಗಿ, ಒಂಬತ್ತೂವರೆ ಹತ್ತರೊಳಗೆ ಇಳಿಯಿರಿ

ಮ್ಯಾಂಚೆಸ್ಟರ್‌ನಿಂದ ಹೊರಡುವವರು ವಿಕ್ಟೋರಿಯಾ ನಿಲ್ದಾಣಕ್ಕೆ ಹೋಗಬೇಕು, ಪಿಕಡಿಲಿಗಲ್ಲ. ಈ ತಪ್ಪು ಎಷ್ಟು ಜನ ಮಾಡಿದ್ದಾರೋ ಲೆಕ್ಕ ಇಟ್ಟಿಲ್ಲ. ಒಂದರಿಂದ ಇನ್ನೊಂದಕ್ಕೆ ಟ್ರಾಮ್ ಇದೆ, ನಡೆದರೆ ಸುಮಾರು 20 ನಿಮಿಷ, ಅಷ್ಟರಲ್ಲಿ ರೈಲು ಹೋಗಿರುತ್ತದೆ. ವಿಕ್ಟೋರಿಯಾದಿಂದ ಪ್ರಯಾಣ ಮುಕ್ಕಾಲು ಗಂಟೆಯೊಳಗೆ. ಲೀಡ್ಸ್‌ನಿಂದ ಸ್ವಲ್ಪ ಜಾಸ್ತಿ.

ಟಿಕೆಟ್ ಹತ್ತುವ ಮೊದಲೇ ತಗೊಳ್ಳಿ, ರೈಲಿನಲ್ಲಿ ಕೊಡ್ತಾರೆ ಅಂದುಕೊಂಡು ಹತ್ತಿದರೆ ದಂಡ ಬೀಳಬಹುದು. ವಾರದ ದಿನ ಆಫ್-ಪೀಕ್ ರಿಟರ್ನ್ (ದಟ್ಟಣೆ ಇಲ್ಲದ ಹೊತ್ತಿನಲ್ಲಿ ಹೋಗಿಬರುವ ಟಿಕೆಟ್) ತಗೊಂಡರೆ ಸಂಜೆ ಯಾವ ಹೊತ್ತಿನ ರೈಲಿಗೆ ಅದು ನಡೆಯುವುದಿಲ್ಲ ಅಂತ ಅಲ್ಲೇ ಕೇಳಿಕೊಳ್ಳಿ. ಇಬ್ಬರೇ ಯಾವಾಗಲೂ ಜೊತೆಗೆ ಓಡಾಡುವವರಾದರೆ ಟೂ ಟುಗೆದರ್ ರೈಲ್‌ಕಾರ್ಡ್ ಮಾಡಿಸಿ, ಟಿಕೆಟ್‌ನಲ್ಲಿ ಮೂರನೇ ಒಂದು ಭಾಗ ಕಡಿಮೆಯಾಗುತ್ತದೆ. ವಾರದ ದಿನ ಬೆಳಿಗ್ಗೆ 9.30ರ ಮೊದಲು ಅದು ನಡೆಯುವುದಿಲ್ಲ ಅನ್ನುವುದು ನೆನಪಿರಲಿ.

ಕಾರೇ ಬೇಕು ಅನ್ನುವವರಿಗೆ ನನ್ನ ಸಲಹೆ: ಬೇಡ. ಊರೊಳಗೆ ಜಾಗ ಕಡಿಮೆ, ಬೀದಿಗಳು ಕಿರಿದು, ನಿವಾಸಿಗಳಿಗೆ ಮಾತ್ರ ಅಂತ ಬೋರ್ಡ್ ಇರುವ ಕಡೆ ನಿಲ್ಲಿಸಿದರೆ ಚೀಟಿ ಅಂಟಿಸುತ್ತಾರೆ. ನಾನು ಮೊದಲ ಸಲ ಹೋದಾಗ ಬೋರ್ಡ್ ಸರಿಯಾಗಿ ಓದದೆ ನಿಲ್ಲಿಸಿ, ಒಂದೂವರೆ ಗಂಟೆಗೆ ಊಟದ ದುಡ್ಡಿಗಿಂತ ಜಾಸ್ತಿ ದಂಡ ಕಟ್ಟಿದ್ದೇನೆ.

ನಿಲ್ದಾಣದಿಂದ ಊರಿಗೆ ಹತ್ತು ನಿಮಿಷದ ನಡಿಗೆ. ಪಾರ್ಕಿನ ಪಕ್ಕದ ಕಾಲುವೆ ದಂಡೆ ಹಿಡಿದು ಹೋಗಿ, ಮುಖ್ಯ ರಸ್ತೆಗಿಂತ ಅದು ಚೆಂದ.

ಹಂತ 4: ಊರು ನೋಡಬೇಡಿ, ಸೀದಾ ಬಸ್ ಹತ್ತಿ ಬೆಟ್ಟಕ್ಕೆ ಹೋಗಿ

ಇಲ್ಲೇ ಎಲ್ಲರೂ ಎಡವುವುದು. ಊರೊಳಗೆ ಕಾಲಿಟ್ಟ ತಕ್ಷಣ ಅಂಗಡಿಗಳು ಕರೆಯುತ್ತವೆ. ತಡೆದುಕೊಳ್ಳಿ. ಹೆಪ್ಟನ್‌ಸ್ಟಾಲ್ ಕಡೆ ಹೋಗುವ ಸಣ್ಣ ಬಸ್ ಇದೆ. ವೇಳಾಪಟ್ಟಿ ಹಿಂದಿನ ದಿನವೇ ನೋಡಿಟ್ಟುಕೊಳ್ಳಿ, ಒಂದು ತಪ್ಪಿದರೆ ಮುಂದಿನದಕ್ಕೆ ಕಾಯಬೇಕು. ಹತ್ತುವಾಗ ಬಸ್, ಇಳಿಯುವಾಗ ಕಾಲು: ಈ ಒಂದು ನಿಯಮ ಪಾಲಿಸಿದವರು ಯಾರೂ ಸುಸ್ತಾಗಿ ವಾಪಸ್ ಬಂದಿಲ್ಲ.

ಮೇಲೆ ಇಳಿದ ಮೇಲೆ ಒಂದು ಗಂಟೆ ಇಟ್ಟುಕೊಳ್ಳಿ. ಹಳ್ಳಿ ಚಿಕ್ಕದು, ಕಲ್ಲಿನ ಮನೆಗಳೆಲ್ಲ ಹೊಗೆ ಹಿಡಿದು ಕಪ್ಪಾಗಿವೆ. ಮನೆಗಳ ಮಹಡಿಯ ಕಿಟಕಿ ನೋಡಿ, ಒಂದರ ಪಕ್ಕ ಒಂದು ಸಾಲಾಗಿ ಜೋಡಿಸಿರುತ್ತಾರೆ. ಒಳಗೆ ಮಗ್ಗ ಇತ್ತು, ಮಗ್ಗಕ್ಕೆ ಬೆಳಕು ಬೇಕಿತ್ತು. ಇದೊಂದು ತಿಳಿದರೆ ಕೆಳಗೆ ಗಿರಣಿ ಯಾಕೆ ಬಂತು, ಜನ ಬೆಟ್ಟದಿಂದ ಯಾಕೆ ಇಳಿದರು ಅನ್ನುವುದು ತಾನಾಗೇ ಗೊತ್ತಾಗುತ್ತದೆ. ನೇಯುವುದು ಮನೆಯಲ್ಲಿದ್ದಾಗ ಜನ ಮೇಲಿದ್ದರು, ಚಕ್ರ ತಿರುಗಿಸಲು ನೀರು ಬೇಕಾದಾಗ ಹೊಳೆ ಪಕ್ಕಕ್ಕೆ ಬಂದರು. ಬೆಟ್ಟ ಮೊದಲು ಅಂತ ನಾನು ಹಟ ಹಿಡಿಯುವುದೂ ಇದಕ್ಕೇ.

ಒಂದೇ ಅಂಗಳದಲ್ಲಿ ಎರಡು ಚರ್ಚ್ ಇವೆ. ಹಳೆಯದು 1847ರ ಬಿರುಗಾಳಿಗೆ ಹಾಳಾಯಿತು, ಈಗ ಅದಕ್ಕೆ ಚಾವಣಿ ಇಲ್ಲ. ಗೋಡೆ, ಕಂಬ ಮಾತ್ರ ನಿಂತಿವೆ. ಪಕ್ಕದಲ್ಲೇ ಹೊಸದು. ಅಂಗಳದ ನೆಲವೆಲ್ಲ ಸಮಾಧಿ ಕಲ್ಲುಗಳೇ, ಅವುಗಳ ಮೇಲೇ ನಡೆಯಬೇಕು, ಒದ್ದೆಯಿದ್ದರೆ ಬಹಳ ಜಾರುತ್ತದೆ. 1764ರ ಎಂಟು ಮೂಲೆಯ ಮೆಥಡಿಸ್ಟ್ ಪಂಗಡದ ಚಾಪೆಲ್ ಕೂಡ ಹತ್ತಿರದಲ್ಲೇ ಇದೆ.

ಕವಿ ಸಿಲ್ವಿಯಾ ಪ್ಲಾತ್ ಸಮಾಧಿ ಹುಡುಕುವವರು ಈ ಅಂಗಳದಲ್ಲೇ ಸುತ್ತಿ ಸುತ್ತಿ ಸಿಗಲಿಲ್ಲ ಅಂತ ಬರುತ್ತಾರೆ. ಅದು ಇಲ್ಲಿಲ್ಲ, ಓಣಿಯ ಆಚೆ ಇರುವ ಹೊಸ ಸ್ಮಶಾನದಲ್ಲಿದೆ. ದೊಡ್ಡ ಕಲ್ಲೇನಲ್ಲ, ಜನ ಇಟ್ಟು ಹೋದ ಪೆನ್ನುಗಳು ಇದ್ದರೆ ಅದರಿಂದ ಗುರುತು ಹತ್ತುತ್ತದೆ. ಅಲ್ಲಿ ಊರವರ ಹತ್ತಿರದ ಸಂಬಂಧಿಕರ ಸಮಾಧಿಗಳೂ ಇವೆ. ಮಾತು ಮೆಲ್ಲಗಿರಲಿ, ಸೆಲ್ಫಿ ಬೇಡ.

ಹಂತ 5: ಬಟ್ರೆಸ್ ಇಳಿಯುವುದು

ಹೆಪ್ಟನ್‌ಸ್ಟಾಲ್‌ನಿಂದ ಊರಿಗೆ ಇಳಿಯುವ ಹಳೇ ಕುದುರೆ ದಾರಿಗೆ ಬಟ್ರೆಸ್ ಅನ್ನುತ್ತಾರೆ. ಸ್ವಲ್ಪ ದೂರ ಡಾಂಬರು ರಸ್ತೆಯಲ್ಲಿ ಇಳಿದ ಮೇಲೆ ಅದು ಶುರುವಾಗುತ್ತದೆ. ಕಡಿದಾದ ಕಲ್ಲುಹಾಸು, ಕೆಳಗೆ ಬಂದು ಮುಟ್ಟುವುದು ಸೀದಾ ಹಳೇ ಸೇತುವೆಗೆ.

ಇಳಿಯುವ ಕ್ರಮ ಇದೆ. ನೇರ ಇಳಿಯಬೇಡಿ, ಓರೆಯಾಗಿ ಅತ್ತಿಂದಿತ್ತ ಇಳಿಯಿರಿ. ಹೆಜ್ಜೆ ಚಿಕ್ಕದಿರಲಿ, ಪಾದ ಪೂರ್ತಿ ಊರಲಿ. ಕೈ ಖಾಲಿ ಇರಬೇಕು, ಫೋನ್ ಜೇಬಿನಲ್ಲಿರಬೇಕು. ಫೋಟೋ ಬೇಕಾದರೆ ನಿಂತು ತೆಗೆಯಿರಿ, ನಡೆಯುತ್ತಾ ತೆಗೆಯುವುದು ಬೇಡವೇ ಬೇಡ. ನಮ್ಮ ಅಮ್ಮ ಊರಿಂದ ಬಂದಿದ್ದಾಗ ಇಲ್ಲಿ ಇಳಿಸಿದ್ದೆ. ಎರಡು ಮಾರು ಇಳಿದ ಮೇಲೆ ನಿಂತುಬಿಟ್ಟರು, ಶೂ ಹೊಸದು, ಅಡಿ ನುಣುಪು. ಕೊನೆಗೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ಒಂದು ಕೈ ಗೋಡೆ ಮೇಲೆ, ಒಂದು ಕೈ ನನ್ನ ಹೆಗಲ ಮೇಲೆ ಇಟ್ಟು, ಕಲ್ಲಿನ ಸಂದಿಯಲ್ಲಿ ಹುಲ್ಲು ಬೆಳೆದ ಕಡೆಯೇ ನೋಡಿ ನೋಡಿ ಪಾದ ಇಟ್ಟು ಇಳಿದರು. ಹುಲ್ಲಿದ್ದ ಕಡೆ ಜಾರುವುದಿಲ್ಲ ಅಂತ ಅವರೇ ನನಗೆ ಹೇಳಿಕೊಟ್ಟಿದ್ದು. ಅವತ್ತಿಂದ ನಾನೂ ಹಾಗೇ ಇಳಿಯುತ್ತೇನೆ.

ಮಂಡಿ ನೋವಿರುವವರು, ಮಂಜು ಹೆಪ್ಪುಗಟ್ಟಿದ ದಿನ ಬಂದವರು, ತಳ್ಳುಗಾಡಿಯಲ್ಲಿ ಮಗು ಇರುವವರು ಈ ದಾರಿ ಬಿಡಿ. ಬಸ್ಸಿನಲ್ಲೇ ಇಳಿಯಿರಿ, ಅದರಲ್ಲಿ ಕಳೆದುಕೊಳ್ಳುವುದು ಏನೂ ಇಲ್ಲ.

ಹಂತ 6: ಈಗ ಊರು, ಈಗ ಊಟ

ಬಟ್ರೆಸ್ ಬಂದು ಮುಟ್ಟುವ ಆ ಹಳೇ ಕುದುರೆ ಸೇತುವೆ ಸುಮಾರು 1510ರದು. ನೋಡಿ, ದಾಟಿ, ಮುಂದೆ ಹೋಗಿ. ಊಟ ಹನ್ನೆರಡರೊಳಗೆ, ಗಿರಣಿಗೆ ಹೋಗದವರಾದರೆ ಎರಡರ ಮೇಲೆ. ಸಸ್ಯಾಹಾರಿಗಳಿಗೆ ಈ ಊರಿನಲ್ಲಿ ತೊಂದರೆಯೇ ಇಲ್ಲ. ಮೊಟ್ಟೆ ಕೂಡ ತಿನ್ನದವರು "ವೀಗನ್" ಅಂತಲೇ ಕೇಳಿ, ಕೆಲಸ ಸುಲಭ.

ಸೇಂಟ್ ಜಾರ್ಜ್ ಚೌಕದಲ್ಲಿ ಓರೆಯಾಗಿ ನೆಟ್ಟಿರುವ ಉದ್ದನೆಯ ಲೋಹದ ಮೊನೆಯೊಂದಿದೆ. ಜನ ಅದರ ಪಕ್ಕ ಕೂತು ಐಸ್‌ಕ್ರೀಮ್ ತಿಂದು ಎದ್ದು ಹೋಗುತ್ತಾರೆ. ಅದು ಫಸ್ಟಿಯನ್ ಚಾಕುವಿನ ಆಕಾರದ ನೆರಳು ಗಡಿಯಾರ. ಫಸ್ಟಿಯನ್ ಅಂದರೆ ದಪ್ಪ ಹತ್ತಿ ಬಟ್ಟೆ, ನಮ್ಮ ಕಾರ್ಡುರಾಯ್ ಪ್ಯಾಂಟಿನ ಜಾತಿಯದು. ಅದರ ಎಳೆಗಳನ್ನು ಉದ್ದಕ್ಕೆ ಕತ್ತರಿಸಲು ಆ ಚಾಕು. ಈ ಊರಿಗೆ ಪ್ಯಾಂಟಿನ ಊರು ಅಂತಲೇ ಅಡ್ಡಹೆಸರಿತ್ತು.

ಆಮೇಲೆ ತಲೆ ಎತ್ತಿ ಬೆಟ್ಟದ ಮೈಗೆ ಅಂಟಿದ ಮನೆ ಸಾಲುಗಳನ್ನು ನೋಡಿ. ಕೆಳಗಿನ ಬೀದಿಯಿಂದ ನಾಲ್ಕು ಮಹಡಿ ಕಾಣುತ್ತದೆ. ಅದೇ ಸಾಲಿನ ಹಿಂದೆ ಮೇಲಿನ ಬೀದಿಗೆ ಹತ್ತಿ ಹೋಗಿ ನೋಡಿದರೆ ಎರಡೇ ಮಹಡಿ! ಒಂದರ ತಲೆ ಮೇಲೆ ಇನ್ನೊಂದು ಮನೆ. ಕೆಳಗಿನವರ ಬಾಗಿಲು ಕೆಳಗಿನ ಬೀದಿಗೆ, ಮೇಲಿನವರದು ಮೇಲಿನ ಬೀದಿಗೆ. ಸಮತಟ್ಟು ಜಾಗ ಇಲ್ಲದ ಕಡೆ ಗಿರಣಿ ಕೆಲಸಗಾರರನ್ನೆಲ್ಲ ಇರಿಸಲು ಕಂಡುಕೊಂಡ ದಾರಿ ಇದು. ಕೆಳಗಿಂದ ಮಾತ್ರ ನೋಡಿ ಬಂದರೆ ಇದು ಗೊತ್ತೇ ಆಗುವುದಿಲ್ಲ, ಎರಡೂ ಬೀದಿಗೆ ಹೋಗಬೇಕು.

ಗಿರಣಿಗೆ ಹೋಗುವವರು ಒಂದೂಕಾಲಕ್ಕೆ ಊರು ಬಿಡಿ.

ಹಂತ 7: ಹೊಳೆ ಜಾಡಿನಲ್ಲಿ ಗಿಬ್ಸನ್ ಗಿರಣಿಗೆ

ಗಿರಣಿ ಇರುವುದು ಹಾರ್ಡ್‌ಕ್ಯಾಸಲ್ ಕ್ರ್ಯಾಗ್ಸ್ ಅನ್ನುವ ಕಾಡಿನೊಳಗೆ, ಹಳೇ ಕಟ್ಟಡ, ಕಾಡುಗಳನ್ನು ಕಾಪಾಡುವ ನ್ಯಾಷನಲ್ ಟ್ರಸ್ಟ್ ಸಂಸ್ಥೆ ನೋಡಿಕೊಳ್ಳುವ ಜಾಗ. ಊರಿನಿಂದ ಹೆಬ್ಡನ್ ಹೊಳೆ ಪಕ್ಕದಲ್ಲೇ ದಾರಿ. ಮೊದಲು ಮಿಜ್‌ಹೋಲ್ ಅನ್ನುವ ಕಡೆ ಕಾಡಿನ ಬಾಗಿಲು, ಅಲ್ಲಿಂದ ಒಳಗೆ ಗಿರಣಿ. ನಿಧಾನವಾಗಿ ನಡೆದರೆ ಹೋಗಲು ಒಂದೂಕಾಲು ಗಂಟೆ. ಅಷ್ಟೇ ಹೊತ್ತು ವಾಪಸ್‌ಗೂ ಬೇಕು ಅನ್ನುವುದನ್ನು ಹೊರಡುವ ಮೊದಲು ಲೆಕ್ಕ ಹಾಕಿ. ಗಿರಣಿ ಎಲ್ಲ ದಿನ, ಎಲ್ಲ ಹೊತ್ತು ತೆರೆದಿರುವುದಿಲ್ಲ, ಅವತ್ತಿನ ಸಮಯ ಮೊದಲೇ ನೋಡಿ.

ಮಿಜ್‌ಹೋಲ್ ದಾಟಿದ ಮೇಲೆ ಎರಡು ದಾರಿ. ಒಂದು ಅಗಲವಾದ ಗಾಡಿ ದಾರಿ, ಇನ್ನೊಂದು ಹೊಳೆ ದಂಡೆಯದು, ಬೇರು, ಕಲ್ಲು, ಕೆಸರು. ಮಳೆ ಬಂದ ಮಾರನೇ ದಿನವಾದರೆ ಸುಮ್ನೆ ಗಾಡಿ ದಾರಿ ಹಿಡಿಯಿರಿ. ಹೊಳೆಗೆ ಅಡ್ಡಲಾಗಿ ಹೆಜ್ಜೆಗಲ್ಲುಗಳಿವೆ. ಕಲ್ಲುಗಳ ತಲೆ ಒಣಗಿದ್ದರೆ ದಾಟಿ. ನೀರು ಮೇಲೆ ಹರಿಯುತ್ತಿದ್ದರೆ, ಒಂದೇ ಒಂದು ಕಲ್ಲಿನ ಮೇಲೆ ಹರಿಯುತ್ತಿದ್ದರೂ, ದಾಟಬೇಡಿ.

ಕಾಡಿನೊಳಗೆ ಒಣ ಎಲೆ, ಕಡ್ಡಿ ಗುಡ್ಡೆ ಹಾಕಿದ ಹಾಗೆ ದಿಬ್ಬಗಳು ಕಾಣುತ್ತವೆ. ಮಕ್ಕಳು ಕೋಲು ಹಾಕಲು ಹೋಗುತ್ತಾರೆ, ಬಿಡಬೇಡಿ. ಅವು ಕಾಡಿರುವೆಗಳ ಗೂಡು, ಕೆಣಕಿದರೆ ಆಮ್ಲ ಚಿಮ್ಮಿಸುತ್ತವೆ. ಬುತ್ತಿ ಬಿಚ್ಚುವ ಮೊದಲು ಕೂರುವ ಜಾಗದ ಸುತ್ತ ಒಮ್ಮೆ ನೋಡಿ. ಜಿಗಣೆ ಕಾಟ ಇಲ್ಲ, ಆದರೆ ಬೇಸಿಗೆಯಲ್ಲಿ ಎತ್ತರದ ಹುಲ್ಲಿನಲ್ಲಿ ರಕ್ತ ಹೀರುವ ಉಣ್ಣೆ ಹುಳ (ಟಿಕ್) ಹತ್ತಬಹುದು. ಪ್ಯಾಂಟಿನ ತುದಿ ಕಾಲುಚೀಲದೊಳಗೆ ಹಾಕಿ, ಮನೆಗೆ ಬಂದು ಮಂಡಿ ಹಿಂದೆ, ಕಂಕುಳು ನೋಡಿಕೊಳ್ಳಿ. ಕಚ್ಚಿದ ಕಡೆ ಮುಂದಿನ ವಾರಗಳಲ್ಲಿ ಕೆಂಪು ವೃತ್ತ ಹರಡುತ್ತಾ ಹೋದರೆ ಡಾಕ್ಟರ್ ಹತ್ತಿರ ಹೋಗಲೇಬೇಕು, ಅದು ಲೈಮ್ ಕಾಯಿಲೆಯ ಗುರುತು.

ಗಿರಣಿ ಸುಮಾರು 1800ರದು, ನೀರಿನ ಚಕ್ರದಿಂದ ಹತ್ತಿ ನೂಲುತ್ತಿದ್ದದ್ದು. ಕಟ್ಟಡ ಚಿಕ್ಕದು, ಒಳಗೆ ಹೋಗಿ ಒಂದು ನಿಮಿಷ ಸುಮ್ಮನೆ ನಿಂತು ನೋಡಿ. 1833ರಲ್ಲಿ ಇಲ್ಲಿ 21 ಜನ ವಾರಕ್ಕೆ ಸರಾಸರಿ 72 ಗಂಟೆ ದುಡಿಯುತ್ತಿದ್ದರು. ನಮಗೂ ಈ ಕಡೆಯ ಗಿರಣಿಗಳಿಗೂ ನಂಟಿದೆ. 1861ರಿಂದ 65ರವರೆಗೆ ಅಮೆರಿಕದ ಅಂತರ್ಯುದ್ಧದಲ್ಲಿ ಹತ್ತಿಗೆ ಬರ ಬಂದಾಗ ಮ್ಯಾಂಚೆಸ್ಟರ್‌ನವರು ಧಾರವಾಡದ ಹತ್ತಿ ಮೇಲೆ ಕಣ್ಣಿಟ್ಟರು. ಅದನ್ನು ಸಾಗಿಸಲೆಂದೇ ಕಾರವಾರದ ಬಂದರಿಗೆ ಆಗ ಅಷ್ಟು ಮಹತ್ವ ಬಂತು.

ಇಲ್ಲಿಗೆ ಹೊರಗಿನ ಕರೆಂಟ್, ನಲ್ಲಿ ನೀರು ಯಾವುದೂ ಬರುವುದಿಲ್ಲ. ಹೊಳೆ ನೀರಿನ ಟರ್ಬೈನ್, ಸೌರ ಫಲಕ, ಬುಗ್ಗೆ ನೀರು, ಅಷ್ಟರಲ್ಲೇ ಎಲ್ಲ ನಡೆಯಬೇಕು. ಹಾಗಾಗಿ ಕೆಫೆಯಲ್ಲಿ ದೊಡ್ಡ ಊಟ ಸಿಗುತ್ತೆ ಅಂತ ಹಸಿದುಕೊಂಡು ಹೋಗಬೇಡಿ.

ಕಾರಿನವರಿಗೆ ಇನ್ನೊಂದು ಎಚ್ಚರಿಕೆ. ನಕ್ಷೆಯಲ್ಲಿ ಕ್ಲಫ್ ಹೋಲ್ ಪಾರ್ಕಿಂಗ್ ಗಿರಣಿಗೆ ಬಹಳ ಹತ್ತಿರ ಕಾಣುತ್ತದೆ. ಹತ್ತಿರ ನಿಜ, ಆದರೆ ಇಳಿಜಾರು ಕಡಿದು, ಬರುವಾಗ ಅಷ್ಟನ್ನೂ ಹತ್ತಬೇಕು. ವಯಸ್ಸಾದವರಿದ್ದರೆ ಮಿಜ್‌ಹೋಲ್ ಕಡೆಯಿಂದಲೇ ಬನ್ನಿ.

ಅಪ್ಪ ಅಮ್ಮ ಜೊತೆಗಿದ್ದರೆ, ಪುಟ್ಟ ಮಕ್ಕಳಿದ್ದರೆ

ಊರಿಂದ ಬಂದ ಹಿರಿಯರಿಗೆ ಗಿರಣಿ ನಡಿಗೆ ಜಾಸ್ತಿಯಾಗಬಹುದು. ಆಗ ಏಳನೇ ಹಂತ ಬಿಟ್ಟು ರೋಚ್‌ಡೇಲ್ ಕಾಲುವೆ ದಂಡೆ ಹಿಡಿಯಿರಿ. ಪೂರ್ತಿ ಸಮತಟ್ಟು. ಮೈದಮ್‌ರಾಯ್ಡ್ ಕಡೆಗೆ ಎರಡು ಮೈಲಿಯೂ ಇಲ್ಲ, ಅಲ್ಲಿಂದ ಒಂದೇ ನಿಲ್ದಾಣ ರೈಲಿನಲ್ಲಿ ವಾಪಸ್ ಬರಬಹುದು. ನೀರಿನ ಬಾಗಿಲು ತೆರೆದು ದೋಣಿ ಏರಿಸುವುದು, ಇಳಿಸುವುದು ನೋಡಲು ಸಿಕ್ಕಿದರೆ ಹಿರಿಯರು, ಮಕ್ಕಳು ಅರ್ಧ ಗಂಟೆ ಕದಲುವುದಿಲ್ಲ. ದಂಡೆಗೆ ಬೇಲಿ ಇಲ್ಲ, ಮಕ್ಕಳ ಕೈ ಬಿಡಬೇಡಿ. ಸೈಕಲ್ ಬೆಲ್ ಕೇಳಿದರೆ ನೀರಿಲ್ಲದ ಕಡೆಗೆ ಸರಿಯಿರಿ.

ಸ್ಟೂಡ್ಲಿ ಪೈಕ್ ಅನ್ನುವ 121 ಅಡಿಯ ಕಲ್ಲಿನ ಸ್ಮಾರಕ ದೂರದ ಬೋಳು ಬೆಟ್ಟದ ಮೇಲೆ ಕಾಣುತ್ತದೆ. "ಅದನ್ನೂ ಮುಗಿಸಿಬಿಡೋಣ" ಅನ್ನಬೇಡಿ. ಅದಕ್ಕೇ ಒಂದು ದಿನ ಬೇಕು. ಒಳಗಿನ ಮೆಟ್ಟಿಲು ಗವ್ವೆನ್ನುವ ಕತ್ತಲು, ಟಾರ್ಚ್ ಬೇಕು.

ಹೀಗಾದರೆ ವಾಪಸ್ ತಿರುಗಿ

ಹೊಳೆ ನೀರು ಬೆಳಿಗ್ಗೆಗಿಂತ ಕೆಂಪಗೆ, ಕಂದು ಬಣ್ಣಕ್ಕೆ ತಿರುಗಿದ್ದರೆ, ಸದ್ದು ಜೋರಾಗಿದ್ದರೆ, ಕಡ್ಡಿ ಕೊಂಬೆ ತೇಲಿ ಬರುತ್ತಿದ್ದರೆ ಮೇಲೆಲ್ಲೋ ಮಳೆ ಬಿದ್ದಿದೆ. ನಿಮ್ಮ ತಲೆ ಮೇಲೆ ಬಿಸಿಲಿದ್ದರೂ ದಂಡೆ ಬಿಟ್ಟು ಗಾಡಿ ದಾರಿಗೆ ಹತ್ತಿ. ಕಣಿವೆಯಲ್ಲಿ ಸೈರನ್ ಕೂಗಿದರೆ ಅದು ಪ್ರವಾಹದ್ದು, ಊರೊಳಗೆ ಇಳಿಯದೆ ಎತ್ತರದ ಕಡೆ ಇರಿ. ಬೆಟ್ಟದ ಮೇಲೆ ಮೋಡ ಇಳಿದು ಮುಂದಿನ ಗೋಡೆ ಕಾಣದಿದ್ದರೆ ಡಾಂಬರು ರಸ್ತೆ ಬಿಡಬೇಡಿ.

ಯಾರಾದರೂ ಬಿದ್ದು ಕಾಲು ಊರಲಾಗದಿದ್ದರೆ 999ಕ್ಕೆ ಕರೆ ಮಾಡಿ ಮೊದಲು "ಪೊಲೀಸ್", ಆಮೇಲೆ "ಮೌಂಟೇನ್ ರೆಸ್ಕ್ಯೂ" ಅನ್ನಿ. ಬರೀ ಆಂಬುಲೆನ್ಸ್ ಕೇಳಿದರೆ ಕಾಡಿನೊಳಗೆ ಗಾಡಿ ಬರಲಾಗದೆ ತಡವಾಗಬಹುದು. ಕಾಲ್ಡರ್ ಕಣಿವೆಗೆ ಸ್ವಯಂಸೇವಕರದ್ದೇ ರಕ್ಷಣಾ ತಂಡ ಇದೆ.

ಹಂತ 8: ವಾಪಸ್ ರೈಲು

ಬೇಸಿಗೆಯಲ್ಲೂ ಮೂರೂವರೆಗೆ ಗಿರಣಿ ಬಿಡಿ, ಐದರ ಹೊತ್ತಿಗೆ ನಿಲ್ದಾಣ. ಎರಡು ಪ್ಲಾಟ್‌ಫಾರ್ಮ್ ನಡುವೆ ಸುರಂಗ ದಾರಿ ಇದೆ, ರೈಲು ಬರುವುದು ಕಂಡ ಮೇಲೆ ಓಡಬೇಕಾಗದ ಹಾಗೆ ಮೊದಲೇ ದಾಟಿಕೊಳ್ಳಿ. ಹ್ಯಾಲಿಫ್ಯಾಕ್ಸ್, ಬ್ರಾಡ್‌ಫೋರ್ಡ್‌ಗೆ ಹೋಗುವವರು "ಲೀಡ್ಸ್" ಅಂತ ಬೋರ್ಡ್ ಕಂಡ ತಕ್ಷಣ ಹತ್ತಬೇಡಿ. ಲೀಡ್ಸ್‌ಗೆ ಎರಡು ದಾರಿ, ಬ್ರಿಗ್‌ಹೌಸ್ ಮೇಲೆ ಹೋಗುವ ರೈಲು ಆ ಎರಡೂ ಊರು ಮುಟ್ಟುವುದಿಲ್ಲ. ಎಲ್ಲೆಲ್ಲಿ ನಿಲ್ಲುತ್ತೆ ಅನ್ನುವ ಸಾಲು ಓದಿ ಹತ್ತಿ. ರೈಲಿಗೆ ಕಾಯುವಾಗಲೇ ಬೆಂಚಿನ ಮೇಲೆ ಕೂತು ಕಾಲುಚೀಲ ಬದಲಾಯಿಸಿಕೊಳ್ಳಿ, ಮನೆವರೆಗೆ ಒದ್ದೆ ಕಾಲಿನಲ್ಲಿ ಕೂರಬೇಕಿಲ್ಲ.